ಡೇಟ್‌ಡಿಫ್ ಓವರ್‌ಫ್ಲೋ: ಮೂರು ಸಾಲು ಹುಡುಕಿದ ಬೆಳಿಗ್ಗೆ

ಮನೆಗಳಿಗೆ ಇನ್ವರ್ಟರ್ ಸರ್ವಿಸ್ ಕೊಡುವ ಒಂದು ಕಂಪನಿಯ ಡೇಟಾಬೇಸ್ ಆಗ ನಾನು ನೋಡಿಕೊಳ್ಳುತ್ತಿದ್ದೆ. ತಿಂಗಳ ಮೊದಲನೇ ತಾರೀಖು, ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. "ಸರ್, ದೂರಿನ ರಿಪೋರ್ಟ್ ಬಂದಿಲ್ಲ. ಹತ್ತು ಗಂಟೆಗೆ ಮೀಟಿಂಗ್ ಇದೆ." ಲಾಗ್ ತೆಗೆದೆ. ನಮ್ಮ ಡೇಟಾಬೇಸ್ ಓಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್, ಎಸ್‌ಕ್ಯೂಎಲ್ ಸರ್ವರ್‌ನ 535ನೇ ನಂಬರಿನ ಎರರ್. ಎರಡು ತಾರೀಖುಗಳ ನಡುವಿನ ಅಂತರ ತುಂಬಾ ದೊಡ್ಡದಾಯಿತು, ಅಂತರ ಎಣಿಸುವ ಡೇಟ್‌ಡಿಫ್ ಫಂಕ್ಷನ್ ಓವರ್‌ಫ್ಲೋ ಆಯಿತು (ಉತ್ತರ ಅದರ ಜಾಗದಲ್ಲಿ ಹಿಡಿಸಲಿಲ್ಲ), ಇಷ್ಟು ಸೂಕ್ಷ್ಮ ಅಳತೆ ಬೇಡ ಅನ್ನುವುದು ಅದರ ಅರ್ಥ.

ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಏನೂ ಕಷ್ಟದ್ದಲ್ಲ. ದೂರು ಬಂದ ಸಮಯ, ಮುಗಿದ ಸಮಯ, ನಡುವೆ ಎಷ್ಟು ಸೆಕೆಂಡು, ಅದನ್ನು ದಶಮಾಂಶ ಸಂಖ್ಯೆಗೆ ಬದಲಾಯಿಸಿ ಎಲ್ಲದರ ಸರಾಸರಿ. ವರ್ಷದ ಸುಮಾರು 1.2 ಲಕ್ಷ ದೂರು. ಎರಡು ವರ್ಷದಿಂದ ಒಂದು ದಿನವೂ ತಪ್ಪದೆ ಓಡಿತ್ತು.

ಮೊದಲು ಮಾಡಿದ ಕೆಲಸ, ಡೇಟ್‌ಡಿಫ್‌ನ ಹೊರಗಡೆ ಬಿಗ್‌ಇಂಟ್‌ಗೆ ಕಾಸ್ಟ್ ಹಾಕಿದ್ದು, ಅಂದರೆ ಉತ್ತರವನ್ನು ದೊಡ್ಡ ಪೂರ್ಣಾಂಕ ಹಿಡಿಸುವ ಮಾದರಿಗೆ ಬದಲಾಯಿಸಿದ್ದು. ಪ್ರಯೋಜನ ಇಲ್ಲ. ಡೇಟ್‌ಡಿಫ್ ಕೊಡುವುದೇ ಇಂಟ್ (ಅದಕ್ಕಿಂತ ಚಿಕ್ಕ ಪೂರ್ಣಾಂಕದ ಮಾದರಿ), ಲೆಕ್ಕ ಒಳಗೇ ಒಡೆದಿರುತ್ತದೆ, ಹೊರಗೆ ಎಷ್ಟು ದೊಡ್ಡ ಪಾತ್ರೆ ಇಟ್ಟರೂ ಅಷ್ಟೇ. ಎರಡನೆಯದು, 2016ರ ಆವೃತ್ತಿಯಿಂದ ಇರುವ ಡೇಟ್‌ಡಿಫ್ ಬಿಗ್. ಅದು ಬಿಗ್‌ಇಂಟ್‌ನಲ್ಲೇ ಉತ್ತರ ಕೊಡುತ್ತದೆ. ಹಾಕಿದೆ, ಕ್ವೆರಿ ಓಡಿತು, ಸರಾಸರಿ 33 ಗಂಟೆ ಅಂತ ಬಂತು. ಎಂಟೂಕಾಲು ಆಗಿತ್ತು. ಮೇಲ್‌ಗೆ ಜೋಡಿಸಿಯೂ ಆಗಿತ್ತು.

ಕಳಿಸುವ ಮುಂಚೆ ಹಿಂದಿನ ತಿಂಗಳ ರಿಪೋರ್ಟ್ ತೆರೆದು ನೋಡಿದೆ. ಅಲ್ಲಿ 60 ಗಂಟೆ ಇತ್ತು. ಒಂದೇ ತಿಂಗಳಲ್ಲಿ ಇಡೀ ವರ್ಷದ ಸರಾಸರಿ ಅರ್ಧಕ್ಕೆ ಹತ್ತಿರ ಬರುವುದು ಆಗದ ಮಾತು, ಅಲ್ವಾ?

ಆಗ ಕೂತು ಲೆಕ್ಕ ಹಾಕಿದೆ. ಇಂಟ್‌ನಲ್ಲಿ ಹಿಡಿಯುವುದು 2,147,483,647ರವರೆಗೆ. ಸೆಕೆಂಡಿನಲ್ಲಿ ಅಳೆದರೆ ಅದು 68 ವರ್ಷ 19 ದಿನ, ಮೇಲೆ ಮೂರು ಗಂಟೆ ಚಿಲ್ಲರೆ. ಅಂದರೆ ನನ್ನ ಟೇಬಲ್‌ನಲ್ಲಿ ಯಾವುದೋ ಒಂದು ಇನ್ವರ್ಟರ್ ದೂರಿನ ಎರಡು ತಾರೀಖುಗಳ ನಡುವೆ 68 ವರ್ಷಕ್ಕಿಂತ ಜಾಸ್ತಿ ಅಂತರ ಇದೆ. ಅಂಥ ದೂರು ಇರಲು ಸಾಧ್ಯವೇ ಇಲ್ಲ. ಎರರ್ ನನಗೆ ಹೇಳುತ್ತಿದ್ದದ್ದು ಅದನ್ನೇ, ನಾನು ಅದರ ಬಾಯಿ ಮುಚ್ಚಿಸಲು ಹೊರಟಿದ್ದೆ.

ಸಾಲು ಹುಡುಕುವುದು ಸುಲಭ. ದಿನಗಳಲ್ಲಿ ಅಳೆದರೆ ಡೇಟ್‌ಡಿಫ್ ಯಾವ ತಾರೀಖಿಗೂ ಓವರ್‌ಫ್ಲೋ ಆಗುವುದಿಲ್ಲ, ಒಂದನೇ ಇಸವಿಯಿಂದ 9999ರವರೆಗೆ ಎಣಿಸಿದರೂ ಸುಮಾರು 36.5 ಲಕ್ಷ ದಿನ ಅಷ್ಟೇ. ದಿನದ ಅಂತರ ತೆಗೆದು, ಮೈನಸ್ ಚಿಹ್ನೆ ಬಿಟ್ಟು, ದೊಡ್ಡದು ಮೇಲೆ ಬರುವ ಹಾಗೆ ಜೋಡಿಸಿ ಮೊದಲ 20 ಸಾಲು ನೋಡಿದೆ. ಮೇಲೆ ಮೂರು ಸಾಲು. ಮೂರಕ್ಕೂ ಮುಗಿದ ತಾರೀಖು 1900ರ ಜನವರಿ 1.

ಈ ತಾರೀಖು ಕಂಡರೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. ಖಾಲಿ ಸ್ಟ್ರಿಂಗನ್ನು (ಏನೂ ಬರೆಯದ ಟೆಕ್ಸ್ಟ್) ಡೇಟ್‌ಟೈಮ್‌ಗೆ, ಅಂದರೆ ತಾರೀಖು-ಸಮಯದ ಮಾದರಿಗೆ, ಬದಲಾಯಿಸಿದರೆ ಎರರ್ ಬರುವುದಿಲ್ಲ, ನಲ್ (ಮಾಹಿತಿ ಇಲ್ಲ ಅನ್ನುವ ಗುರುತು) ಕೂಡ ಆಗುವುದಿಲ್ಲ, ಸುಮ್ನೆ 1900-01-01 ಆಗಿ ಕೂರುತ್ತದೆ. ಒಂದು ಬ್ರಾಂಚಿನವರು ಈ ಸಲ ಮುಗಿಯದ ದೂರುಗಳನ್ನೂ ಎಕ್ಸೆಲ್ ಫೈಲಿನಲ್ಲಿ ಸೇರಿಸಿ, ಮುಗಿದ ತಾರೀಖಿನ ಜಾಗ ಖಾಲಿ ಬಿಟ್ಟಿದ್ದರು. ಅವರದ್ದು ತಪ್ಪಲ್ಲ, ಮುಗಿಯದ ದೂರಿಗೆ ಇನ್ನೇನು ಬರೆಯುತ್ತಾರೆ? ಟೆಕ್ಸ್ಟ್ ಕಾಲಮ್‌ನಿಂದ ಡೇಟ್‌ಟೈಮ್‌ಗೆ ಹಾಕುವಾಗ ನಾನು ನೋಡಿಕೊಳ್ಳಬೇಕಿತ್ತು.

ಮೂರು ಸಾಲು ಎಷ್ಟು ಹಾಳು ಮಾಡಬಹುದು ಅಂದರೆ, ಒಂದೊಂದೂ ಸುಮಾರು ಮೈನಸ್ 390 ಕೋಟಿ ಸೆಕೆಂಡು. ಮೂರನ್ನೂ ಕೂಡಿಸಿ 1.2 ಲಕ್ಷದಿಂದ ಭಾಗಿಸಿದರೆ ಸರಾಸರಿ 27 ಗಂಟೆ ಕೆಳಗೆ ಇಳಿಯುತ್ತದೆ. ಅದಕ್ಕೇ 33. ನೋಡಲು ಚೆನ್ನಾಗಿರುವ, ನಂಬುವ ಹಾಗಿರುವ ಸಂಖ್ಯೆ. ಹತ್ತು ಗಂಟೆಯ ಮೀಟಿಂಗ್‌ನಲ್ಲಿ ಅದನ್ನು ಎಲ್ಲರೂ ನಂಬುತ್ತಿದ್ದರು.

ಸರಿಪಡಿಸುವಾಗಲೂ ಒಮ್ಮೆ ಎಡವಿದೆ. ಯಾವ ಸಾಲು ಬೇಕು ಅಂತ ಹೇಳುವ ಕ್ವೆರಿಯ ಭಾಗ, ವೇರ್‌ನಲ್ಲಿ 1900ನ್ನು ಬಿಡು ಅಂತ ಷರತ್ತು ಹಾಕಿದೆ. ಟೆಸ್ಟ್ ಡೇಟಾಬೇಸ್‌ನಲ್ಲಿ ಓಡಿತು, ಲೈವ್‌ನಲ್ಲಿ ಮತ್ತೆ 535. ವೇರ್ ಮೊದಲು, ಲೆಕ್ಕ ಆಮೇಲೆ ಅಂತ ನಾವು ಓದಿಕೊಳ್ಳುತ್ತೇವೆ, ಆದರೆ ಕ್ವೆರಿ ಯಾವ ದಾರಿಯಲ್ಲಿ ಓಡಬೇಕು ಅಂತ ತೀರ್ಮಾನಿಸುವ ಆಪ್ಟಿಮೈಸರ್ ಆ ಕ್ರಮಕ್ಕೆ ಕಟ್ಟುಬಿದ್ದಿಲ್ಲ. ಡೇಟಾ ಜಾಸ್ತಿ ಇದ್ದ ಕಡೆ ಬೇರೆ ಪ್ಲಾನ್ ಹಿಡಿದು ಡೇಟ್‌ಡಿಫ್ ಮೊದಲೇ ಮಾಡಿಬಿಟ್ಟಿತ್ತು. ಕೊನೆಗೆ ಡೇಟ್‌ಡಿಫ್‌ನ ಒಳಗೇ, ಮುಗಿದ ತಾರೀಖಿಗೆ ನಲ್‌ಇಫ್ ಸುತ್ತಿದೆ. 1900-01-01 ಇದ್ದರೆ ನಲ್, ಅಂತರವೂ ನಲ್, ಸರಾಸರಿ ಅದನ್ನು ಎಣಿಸುವುದಿಲ್ಲ. ಡೇಟ್‌ಡಿಫ್ ಬಿಗ್ ತೆಗೆದು ಹಳೆಯ ಡೇಟ್‌ಡಿಫ್ ವಾಪಸ್ ಹಾಕಿದೆ. ಇಲ್ಲಿ 68 ವರ್ಷದ ಬೇಲಿ ನನಗೆ ಬೇಕು.

ಡೇಟ್‌ಡಿಫ್ ಬಿಗ್ ಬೇಡವೇ ಬೇಡ ಅಂತಲ್ಲ. ಮಿಲಿಸೆಕೆಂಡಿನಲ್ಲಿ ಅಳೆಯುವಾಗ ಇಂಟ್ ಬರೀ 24 ದಿನ 20 ಗಂಟೆ ಚಿಲ್ಲರೆಗೇ ತುಂಬುತ್ತದೆ. ಒಂದು ದೂರು 25 ದಿನ ಉಳಿಯುವುದು ನಿಜವಾಗಿಯೂ ಆಗುವಂಥದ್ದು. ಅಲ್ಲಿ ಡೇಟಾ ಸರಿ, ಅಳತೆ ಚಿಕ್ಕದು, ಆಗ ಬಿಗ್ ಬಳಸಿ. ತಾರೀಖಿಗೆ ದಿನ ಕೂಡಿಸುವ ಡೇಟ್‌ಆಡ್‌ನಲ್ಲಿ 517ನೇ ನಂಬರಿನ ಓವರ್‌ಫ್ಲೋ ಎರರ್ ಬಂದರೆ ಇನ್ನೊಂದು ತುದಿ ನೋಡಿ: "ಕೊನೆಯೇ ಇಲ್ಲ" ಅನ್ನಲು ಯಾರೋ 9999ರ ಡಿಸೆಂಬರ್ 31 ಹಾಕಿರುತ್ತಾರೆ, ಅದಕ್ಕೆ ಒಂದು ದಿನ ಕೂಡಿಸಲು ಜಾಗವೇ ಇಲ್ಲ.

ಒಂಬತ್ತೂವರೆಗೆ ರಿಪೋರ್ಟ್ ಹೋಯಿತು. ಸರಾಸರಿ 60 ಗಂಟೆ. ಆಮೇಲೆ ಟೇಬಲ್‌ಗೆ ಒಂದು ಚೆಕ್ ಹಾಕಿದೆ, ಮುಗಿದ ತಾರೀಖು ಬಂದ ತಾರೀಖಿಗಿಂತ ಹಿಂದೆ ಇದ್ದರೆ ಸಾಲು ಒಳಗೇ ಬರಬಾರದು ಅಂತ. ಆ ಮೂರು ದೂರುಗಳ ನಂಬರ್ ಬರೆದುಕೊಂಡು ಬ್ರಾಂಚ್‌ಗೆ ಫೋನ್ ಮಾಡಿದೆ. ಮೂರೂ ಮನೆಗಳಲ್ಲಿ ಇನ್ವರ್ಟರ್ ಇನ್ನೂ ರಿಪೇರಿ ಆಗಿರಲಿಲ್ಲ.