ಎಂಜಿನ್ಎಕ್ಸ್: ಐಪಿ ಪಟ್ಟಿ ಬದಲಿಸುವ ಕೆಲಸ ಸ್ಕ್ರಿಪ್ಟ್‌ಗೆ ಒಪ್ಪಿಸಿ

ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಬಳಸಿ ಅಡ್ಮಿನ್ ಪುಟವನ್ನು ಗೊತ್ತಿರುವ ಐಪಿ ವಿಳಾಸಗಳಿಗೆ ಮಾತ್ರ ತೆರೆದಿಡುವ ಸರ್ವರ್‌ಗಳಲ್ಲಿ ಆ ಪಟ್ಟಿ ಆಗಾಗ ಬದಲಾಗುತ್ತಲೇ ಇರುತ್ತದೆ. ಪ್ರತಿ ಸಲ ಕಾನ್ಫಿಗ್ ಫೈಲನ್ನು ಕೈಯಿಂದ ತಿದ್ದುವುದು ಅಪಾಯ. ಸ್ಕ್ರಿಪ್ಟ್ ಮುಟ್ಟುವ ಭಾಗವನ್ನು, ಅಂದರೆ ಐಪಿ ಪಟ್ಟಿಯನ್ನು, ಮೊದಲು ಬೇರೆ ಫೈಲಿಗೆ ಬೇರ್ಪಡಿಸಿ.

ಕಾನ್ಫಿಗ್‌ನಲ್ಲಿ ಆ ಪುಟದ ನಿಯಮಗಳಿರುವ ಲೊಕೇಶನ್ ಬ್ಲಾಕ್‌ನಲ್ಲಿ ಎರಡೇ ಸಾಲು ಸಾಕು: ಪಟ್ಟಿಯ ಫೈಲನ್ನು ‘ಇನ್‌ಕ್ಲೂಡ್’ ಮಾಡುವ ಸಾಲು, ಅದರ ಕೆಳಗೆ ಉಳಿದವರನ್ನೆಲ್ಲ ತಡೆಯುವ ‘ಡಿನೈ ಆಲ್’. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನೋಡಲಾಗುತ್ತದೆ. ಹೊಂದುವ ಮೊದಲ ಸಾಲೇ ಅಂತಿಮ. ‘ಡಿನೈ ಆಲ್’ ಅನ್ನು ಪಟ್ಟಿಯೊಳಗೆ ಸೇರಿಸಲೇಬೇಡಿ. ಪಟ್ಟಿ ಖಾಲಿಯಾದ ದಿನ ಪುಟ ಎಲ್ಲರಿಗೂ ಮುಚ್ಚಿರಲಿ, ತೆರೆದುಕೊಳ್ಳುವುದು ಬೇಡ. ಇನ್‌ಕ್ಲೂಡ್‌ನಲ್ಲಿ ಫೈಲಿನ ಪೂರ್ತಿ ಹೆಸರು ಕೊಡಿ. ನಕ್ಷತ್ರ ಚಿಹ್ನೆ ಬಳಸಿದರೆ, ಫೈಲೇ ಇಲ್ಲದಿದ್ದರೂ ಎಂಜಿನ್ಎಕ್ಸ್ ತಕರಾರು ಮಾಡುವುದಿಲ್ಲ.

ಇನ್ನು ಸ್ಕ್ರಿಪ್ಟ್. ಎರಡು ಪ್ರತಿ ಒಟ್ಟಿಗೆ ಓಡದಂತೆ ಆರಂಭದಲ್ಲೇ ‘ಎಫ್‌ಲಾಕ್’ ಹಾಕಿ. ಪ್ರತಿ ವಿಳಾಸಕ್ಕೂ ಒಂದು ‘ಅಲೌ’ ಸಾಲು, ಕೊನೆಗೆ ಸೆಮಿಕೋಲನ್, ಹೀಗೆ ಹೊಸ ಪಟ್ಟಿಯನ್ನು ತಾತ್ಕಾಲಿಕ ಫೈಲಿಗೆ ಬರೆಯಿರಿ. ಆ ಫೈಲು ಹಳೆಯದಿರುವ ಫೋಲ್ಡರ್‌ನಲ್ಲೇ ಇರಲಿ. ಆಗ ‘ಎಂವಿ’ ಕಮಾಂಡ್ ಒಂದೇ ಏಟಿಗೆ ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಟೆಂಪ್ ಫೋಲ್ಡರ್‌ನಿಂದ ತಂದರೆ ಅದು ಬೇರೆ ಫೈಲ್ ಸಿಸ್ಟಮ್ ಆಗಿರಬಹುದು, ಎಂಜಿನ್ಎಕ್ಸ್ ಅರ್ಧ ಬರೆದ ಪಟ್ಟಿ ಓದಿಕೊಳ್ಳುವ ಸಾಧ್ಯತೆಯಿದೆ. ಎಸ್‌ಇಲಿನಕ್ಸ್ (ಲಿನಕ್ಸ್‌ನ ಭದ್ರತಾ ವ್ಯವಸ್ಥೆ) ಇರುವಲ್ಲಿ ತಪ್ಪು ಲೇಬಲ್ ಉಳಿದು ಫೈಲು ಓದಲಾಗದೆಯೂ ಹೋಗುತ್ತದೆ.

ಹೊಸ ಪಟ್ಟಿ ಹಳೆಯದರಂತೆಯೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಬದಲಾಗಿದ್ದರೆ ಹಳೆಯದರ ಪ್ರತಿ ತೆಗೆದಿಟ್ಟು, ಹೊಸದನ್ನು ಕೂರಿಸಿ, ಎಂಜಿನ್ಎಕ್ಸ್‌ನ ಕಾನ್ಫಿಗ್ ತಪಾಸಿಸುವ ‘-ಟಿ’ ಪರೀಕ್ಷೆ ಓಡಿಸಿ. ಸೋತರೆ ಹಳೆಯ ಪ್ರತಿ ವಾಪಸ್. ಗೆದ್ದರೆ ಮಾತ್ರ ರೀಲೋಡ್, ಅಂದರೆ ಹೊಸ ಕಾನ್ಫಿಗ್ ಓದಿಸುವುದು. ಕ್ರಾನ್‌ನಿಂದ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ವ್ಯವಸ್ಥೆ) ಓಡಿಸುವಾಗ ಪಾತ್ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಚಿಕ್ಕದಿರುತ್ತದೆ, ಆದ್ದರಿಂದ ಕಮಾಂಡ್‌ಗಳಿಗೆ ಪೂರ್ತಿ ಹಾದಿ ಕೊಡಿ.

ಪರೀಕ್ಷೆ ಪಾಸಾಯಿತೆಂದು ನಿಶ್ಚಿಂತರಾಗಬೇಡಿ. ಒಂದೇ ಯಂತ್ರಕ್ಕೆಂದು 203.0.113.7/24 ಎಂದು ಬರೆದರೆ 256 ವಿಳಾಸಗಳಿಗೂ ಬಾಗಿಲು ತೆರೆಯುತ್ತದೆ. ಎಂಜಿನ್ಎಕ್ಸ್ ಇದನ್ನು ಬರೀ ಎಚ್ಚರಿಕೆಯಾಗಿ ತೋರಿಸಿ ಮುಂದೆ ಹೋಗುತ್ತದೆ. ಪರೀಕ್ಷೆಯ ಔಟ್‌ಪುಟ್‌ನಲ್ಲಿ ‘ವಾರ್ನ್’ ಕಂಡರೂ ಸ್ಕ್ರಿಪ್ಟ್ ಹಿಂದೆ ಸರಿಯುವಂತೆ ಮಾಡಿ. ಒಂದೇ ವಿಳಾಸವಾದರೆ /32, ಇಲ್ಲವೇ ಬರೀ ಐಪಿ ಸಾಕು. ಬಳಕೆದಾರರು ಐಪಿವಿ6 ಮೂಲಕ ಬರುತ್ತಿದ್ದರೆ ಆ ವಿಳಾಸವನ್ನೂ ಸೇರಿಸಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿರುವವರಿಗೂ 403 (ಪ್ರವೇಶವಿಲ್ಲ) ಬರುತ್ತದೆ.

ಬಂದ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದಿನ ಸರ್ವರ್‌ಗೆ ಕಾಣುವುದು ಬ್ಯಾಲೆನ್ಸರ್‌ನ ಐಪಿ ಮಾತ್ರ. ನಿಜವಾದ ಐಪಿ ಪಡೆಯಲು ರಿಯಲ್ ಐಪಿ ಮಾಡ್ಯೂಲ್ ಬೇಕು. ಅದರಲ್ಲಿ ನಂಬಬೇಕಾದದ್ದು ನಿಮ್ಮ ಬ್ಯಾಲೆನ್ಸರ್‌ಗಳ ವಿಳಾಸಗಳನ್ನಷ್ಟೇ. ಎಲ್ಲರನ್ನೂ ನಂಬಿದರೆ ಯಾರು ಬೇಕಾದರೂ ಹೆಡರ್‌ನಲ್ಲಿ ಸುಳ್ಳು ಐಪಿ ಬರೆದು ಒಳಬರುತ್ತಾರೆ.

ರೀಲೋಡ್ ಆದ ಮೇಲೆ ಪಟ್ಟಿಯಲ್ಲಿರುವ ಒಂದು ಯಂತ್ರದಿಂದ, ಇಲ್ಲದ ಒಂದು ಯಂತ್ರದಿಂದ ‘ಕರ್ಲ್’ ಕಮಾಂಡ್‌ನಿಂದ ಪುಟ ತೆರೆದು ನೋಡಿ. ಎರಡನೆಯದಕ್ಕೆ 403 ಬರಲೇಬೇಕು. ಆಗಲೇ ತೆರೆದಿರುವ ವೆಬ್‌ಸಾಕೆಟ್ ಸಂಪರ್ಕಗಳು ರೀಲೋಡ್‌ಗೆ ಮುಂಚಿನ ಎಂಜಿನ್ಎಕ್ಸ್ ಪ್ರಕ್ರಿಯೆಯಾದ ಹಳೆಯ ವರ್ಕರ್‌ನಲ್ಲೇ ಮುಂದುವರಿಯುತ್ತವೆ. ಪಟ್ಟಿಯಿಂದ ತೆಗೆದವರನ್ನು ಬೇಗ ಹೊರಗೆ ಕಳಿಸಬೇಕಿದ್ದರೆ ‘ವರ್ಕರ್ ಶಟ್‌ಡೌನ್ ಟೈಮ್ಔಟ್’ಗೆ ಒಂದು ಮಿತಿ ಕೊಡಿ.