ಹೊಸ ಜೋಡಿಯ ಮೊದಲ ಬಾಡಿಗೆ ಮನೆ: ಬೇಳೆ ಬೇಯಿಸಿ ನೋಡಿ, ಸೋಫಾ ಆಮೇಲೆ

ವೈಶಾಖದಲ್ಲಿ ಮದುವೆ ಮುಗಿಸಿ ಬೆಂಗಳೂರಿನಲ್ಲಿ ಮನೆ ಹುಡುಕುವ ಹೊತ್ತಿಗೆ ಆಷಾಢ ಬಂದಿರುತ್ತದೆ. ಈಗ ಹೊಸ ಮನೆಗೆ ಹೋಗಬೇಡಿ ಎಂದು ಹಿರಿಯರು ತಡೆಯುತ್ತಾರೆ. ತಡೆಯಲಿ. ಆ ತಿಂಗಳಲ್ಲಿ ಮನೆ ಬದಲಿಸುವವರು ಕಡಿಮೆ. ಬಾಡಿಗೆ, ಅಡ್ವಾನ್ಸ್ ಚೌಕಾಸಿಗೆ ಅದೇ ತಕ್ಕ ಕಾಲ. ಮಾತು ಮುಗಿಸಿಟ್ಟುಕೊಂಡು ಶ್ರಾವಣದಲ್ಲಿ ಹಾಲು ಉಕ್ಕಿಸಿದರಾಯಿತು.

ಮನೆ ನೋಡಲು ಹೋದಾಗ ಮೊದಲು ನೀರು ವಿಚಾರಿಸಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ? ನೆಲದಡಿಯ ಒಂದು ನೀರಿನ ತೊಟ್ಟಿಗೆ (ಸಂಪ್) ಎಷ್ಟು ಮನೆ? ಬೇಸಿಗೆಯಲ್ಲಿ ಟ್ಯಾಂಕರ್ ಹಣ ಯಾರದ್ದು? ಬರೀ ಬೋರ್‌ವೆಲ್ ಆದರೆ ಒಂದು ಬಾಟಲಿ ನೀರು ತಂದು ತೊಗರಿಬೇಳೆ ಬೇಯಿಸಿ ನೋಡಿ. ಗಡಸು ನೀರಿನಲ್ಲಿ ಬೇಳೆ ಹಟ ಹಿಡಿಯುತ್ತದೆ. ನಮ್ಮ ಮೊದಲ ಮನೆಯಲ್ಲಿ ಮೂರು ವಾರ ನಾನು ಹೆಂಡತಿಯ ತವರಿನಿಂದ ಬಂದ ಕುಕ್ಕರನ್ನು ದೂರಿದೆ, ಅವಳು ನಾನು ತಂದ ಬೇಳೆಯನ್ನು ದೂರಿದಳು. ತಪ್ಪೆಲ್ಲ ನಲ್ಲಿಯದಾಗಿತ್ತು.

ಮುಂದಿನದು ಕರಾರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಎಲ್ಲರೂ 11 ತಿಂಗಳಿಗೆ ಬರೆಯುವುದು ಇದಕ್ಕಾಗಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಬಿಡುವಾಗ ಬಣ್ಣದ ಖರ್ಚೆಂದು ಎಷ್ಟು ಹಿಡಿಯುತ್ತಾರೆ, ಉಳಿದದ್ದು ಎಷ್ಟು ದಿನದಲ್ಲಿ ವಾಪಸ್ ಎಂಬುದನ್ನು ಬರೆಸಿ. ‘ಅದೆಲ್ಲ ನಂಬಿಕೆ ಮೇಲೆ’ ಎನ್ನುವ ಮಾಲೀಕರ ಬಳಿ ಎರಡು ಪಟ್ಟು ಎಚ್ಚರವಿರಲಿ. ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ.

ವಿದ್ಯುತ್ತಿಗೆ ಪ್ರತ್ಯೇಕ ಮೀಟರ್ ಇದೆಯೇ ನೋಡಿ, ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ (ಆ ಸಂಪರ್ಕದ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ತಿಂಗಳಿಗೆ 200 ಯೂನಿಟ್ ಮಿತಿಯ ಗೃಹಜ್ಯೋತಿ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆ ಸಂಖ್ಯೆಗಿದ್ದ ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ತೆಗೆದಿದೆಯೇ ಎಂದು ಕೇಳುವುದನ್ನು ಮರೆಯಬೇಡಿ.

ಈ ನಡುವೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಮದುವೆ ನೋಂದಾಯಿಸಿ. ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ದಾಖಲೆ, ಸಾಕ್ಷಿಗಳು ಬೇಕು. ಹಾಗಾಗಿ ಎಲ್ಲ ಪತ್ರಿಕೆಗಳನ್ನೂ ಹಂಚಿಬಿಡದೆ ಒಂದೆರಡು ಉಳಿಸಿಕೊಳ್ಳಿ. ಒಬ್ಬರ ಆಧಾರ್‌ನಲ್ಲಿ ಹೊಸ ವಿಳಾಸ ಬಂದರೆ ಸಾಕು, ವಿವಾಹ ಪ್ರಮಾಣಪತ್ರ ತೋರಿಸಿ ಅದೇ ವಿಳಾಸವನ್ನು ಇನ್ನೊಬ್ಬರ ಆಧಾರ್‌ಗೂ ಸೇರಿಸಬಹುದು.

ಸಾಮಾನಿನ ಮಾತು ಚುಟುಕಾಗಿ ಹೇಳುತ್ತೇನೆ. ಮೊದಲ ವಾರಕ್ಕೆ ಚಾಪೆ, ಹಾಸಿಗೆ, ಎರಡು ಬಕೆಟ್, ಗ್ಯಾಸ್ ಒಲೆ, ಮಿಕ್ಸಿ ಇದ್ದರೆ ಬದುಕು ನಡೆಯುತ್ತದೆ. ಉಡುಗೊರೆಯಾಗಿ ಬಂದ ಗೋಡೆ ಗಡಿಯಾರಗಳಲ್ಲಿ ಒಂದನ್ನಷ್ಟೇ ನೇತುಹಾಕಿ, ಅದಕ್ಕೂ ಮೊಳೆ ಹೊಡೆಯುವ ಮುನ್ನ ಮಾಲೀಕರನ್ನು ಕೇಳಿ. ಸೋಫಾ ಮೂರು ತಿಂಗಳು ಕಾಯಲಿ. ಕೊಳ್ಳುವ ದಿನ ಟೇಪು ಹಿಡಿದು ಮೆಟ್ಟಿಲಿನ ತಿರುವನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ನಮ್ಮದು ಎರಡನೇ ಮಹಡಿಯ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಹಗ್ಗ ಕಟ್ಟಿಸಿಕೊಂಡು ಬಾಲ್ಕನಿಯಿಂದ ಗೃಹಪ್ರವೇಶ ಮಾಡಿತು.