‘ಫ್ರೀ’ ಕಾರಿನ ಬಾಡಿಗೆ ಕರಾರು ನಿಮ್ಮ ಹೆಸರಲ್ಲೇ ಇರುತ್ತದೆ

ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲಿ ಕಾರು ಓಡಿಸುವ ಕನ್ನಡಿಗರಿಗಾಗಿ ಈ ಲೇಖನ. ನೀವು ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನವನು ಬಂದು ಗುದ್ದಿದ ಅಂದುಕೊಳ್ಳಿ. ನಿಮ್ಮ ತಪ್ಪಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಫೋನ್ ಮಾಡುತ್ತಾರೆ: ರಿಪೇರಿ ಮುಗಿಯುವವರೆಗೆ ನಿಮ್ಮದರಂಥದ್ದೇ ಕಾರು ಕೊಡುತ್ತೇವೆ, ನೀವು ಒಂದು ಪೆನ್ನಿಯನ್ನೂ ಕೊಡಬೇಕಿಲ್ಲ. ಇದೇ ಕ್ರೆಡಿಟ್ ಹೈರ್. ಬಾಡಿಗೆ ಈಗ ಕಟ್ಟಬೇಕಿಲ್ಲ, ನಿಜ. ಆದರೆ ಆ ಕಾರು ಸಾಲದ ಮೇಲೆ ಬಂದದ್ದು, ಸಾಲಗಾರರು ನೀವು. ಗುದ್ದಿದವನ ಇನ್ಶೂರೆನ್ಸ್ ಕಂಪನಿಯಿಂದ ಆ ಹಣವನ್ನು ಬಾಡಿಗೆ ಕಂಪನಿಯವರು ನಿಮ್ಮ ಹೆಸರಿನಲ್ಲೇ ವಸೂಲಿ ಮಾಡುತ್ತಾರೆ. ಇನ್ಶೂರೆನ್ಸ್‌ನವರು ಕೊಡದಿದ್ದರೆ ಕೋರ್ಟ್ ಕೇಸೂ ನಿಮ್ಮ ಹೆಸರಿನಲ್ಲೇ.

ನಮ್ಮೂರಲ್ಲಿ ಇಂಥ ವ್ಯವಸ್ಥೆ ಕಾಣುವುದಿಲ್ಲ. ಅದಕ್ಕೇ ಹೊಸದಾಗಿ ಹೋದವರು ಇದನ್ನು ಇನ್ಶೂರೆನ್ಸ್‌ನವರ ಉಪಕಾರ ಅಂದುಕೊಂಡು ಸುಮ್ನೆ ಸಹಿ ಹಾಕಿಬಿಡುತ್ತಾರೆ.

ಸಹಿಗೆ ಮುಂಚೆ

ಫೋನ್ ಮಾಡಿದವರು ಯಾರು ಅಂತ ಮೊದಲು ಕೇಳಿ. ನಿಮ್ಮ ಇನ್ಶೂರೆನ್ಸ್ ಕಂಪನಿಯೋ, ಅವರು ದಾಟಿಸಿದ ಬಾಡಿಗೆ ಕಂಪನಿಯೋ? ಹೀಗೆ ಗಿರಾಕಿಯನ್ನು ದಾಟಿಸುವುದಕ್ಕೆ ಕಮಿಷನ್ ಕೈ ಬದಲಾಗುವುದು ಈ ವ್ಯಾಪಾರದಲ್ಲಿ ಮಾಮೂಲು. ನಿಮ್ಮ ಪಾಲಿಸಿಯಲ್ಲೇ ‘ಕರ್ಟಸಿ ಕಾರ್’, ಅಂದರೆ ರಿಪೇರಿ ಮುಗಿಯುವವರೆಗೆ ಪಾಲಿಸಿಯ ಭಾಗವಾಗಿ ಸಿಗುವ ಕಾರು, ಇದೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ಚಿಕ್ಕ ಕಾರು ಕೊಡುತ್ತಾರೆ, ಆದರೆ ಸಾಲದ ತಲೆನೋವು ಇರುವುದಿಲ್ಲ.

ಆಮೇಲೆ ತಪ್ಪು ಯಾರದ್ದು ಅನ್ನುವುದು. ಹಿಂದಿನಿಂದ ಗುದ್ದಿದ್ದರೆ ಜಗಳ ಕಡಿಮೆ. ರೌಂಡ್‌ಅಬೌಟ್‌ನಲ್ಲಿ ಆದದ್ದು, ಕಾರ್ ಪಾರ್ಕಿನಲ್ಲಿ ಇಬ್ಬರೂ ರಿವರ್ಸ್ ತೆಗೆಯುವಾಗ ಆದದ್ದು ಹಾಗಲ್ಲ. ಕೋರ್ಟ್ ಅರ್ಧ ತಪ್ಪು ನಿಮ್ಮದು ಅಂದರೆ ಬಾಡಿಗೆಯಲ್ಲೂ ಅರ್ಧವೇ ಸಿಗುತ್ತದೆ. ಅಂಥ ಕಡೆ ಕ್ರೆಡಿಟ್ ಹೈರ್ ತಗೊಳ್ಳದಿರುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಕರಾರಿನಲ್ಲಿ ಮೂರು ವಿಷಯ ಹುಡುಕಿ: ದಿನದ ಬಾಡಿಗೆ ಎಷ್ಟು, ವಸೂಲಾಗದೆ ಉಳಿದದ್ದನ್ನು ಯಾರು ಕಟ್ಟಬೇಕು, ನೀವು ‘ಸಹಕರಿಸದಿದ್ದರೆ’ ಏನಾಗುತ್ತದೆ. ಕಾಗದಕ್ಕೆ, ಕೋರ್ಟಿನ ಕರೆಗೆ ಉತ್ತರ ಕೊಡದೆ ಕೂತರೆ ಪೂರ್ತಿ ಬಿಲ್ ನಿಮ್ಮ ತಲೆಗೆ ಬರುವ ಸಾಧ್ಯತೆ ಇಲ್ಲೇ ಅಡಗಿರುತ್ತದೆ.

ಎದುರು ಪಾರ್ಟಿ ಕೇಳುವುದು ಇಷ್ಟು

ಬೇಕಿತ್ತಾ? ಕಾರು ಕೆಟ್ಟ ಮಾತ್ರಕ್ಕೆ ಬಾಡಿಗೆ ಕಾರು ಬೇಕಿತ್ತು ಅಂತ ಆಗುವುದಿಲ್ಲ. ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರಲ್ಲೇ, ಜೈಲ್ಸ್ ವಿರುದ್ಧ ಥಾಂಪ್ಸನ್ ಪ್ರಕರಣದಲ್ಲಿ, ಇದನ್ನು ಹೇಳಿತ್ತು. ದಿನಾ ಓಡಿಸುತ್ತಿದ್ದವರಿಗೆ ಇದನ್ನು ತೋರಿಸುವುದು ಕಷ್ಟವಲ್ಲ: ಆಫೀಸು, ಮಕ್ಕಳ ಸ್ಕೂಲು, ಆಸ್ಪತ್ರೆಯ ನೈಟ್ ಶಿಫ್ಟ್. ಆದರೆ ಮನೆಯಲ್ಲಿ ಎರಡನೇ ಕಾರು ಖಾಲಿ ನಿಂತಿದ್ದರೆ ಪ್ರಶ್ನೆ ಬರುತ್ತದೆ. ಬಾಡಿಗೆ ಕಾರನ್ನು ಮನೆ ಮುಂದೆ ನಿಲ್ಲಿಸಿ ಮೂರು ವಾರ ಬೆಂಗಳೂರಿಗೆ ಬಂದು ಹೋದರೆ ಆ ದಿನಗಳ ಬಾಡಿಗೆ ಕೇಳುವುದು ಕಷ್ಟ. ಊರಿಗೆ ಹೊರಡುವ ಮುಂಚೆ ವಾಪಸ್ ಕೊಟ್ಟುಬಿಡಿ.

ಎಷ್ಟು ದಿನ? ರಿಪೇರಿ ಮುಗಿದ ದಿನ ಕಾರು ಹಿಂತಿರುಗಿಸಬೇಕು. ನಿಮ್ಮ ಕಾರು ರಿಪೇರಿಗೆ ಲಾಯಕ್ಕಿಲ್ಲ ಅಂತಾದರೆ, ಅದರ ದುಡ್ಡು ಕೈಗೆ ಬಂದು ಬೇರೆ ಕಾರು ಕೊಳ್ಳಲು ಬೇಕಾಗುವಷ್ಟು ಸಮಯ. ಗ್ಯಾರೇಜಿನವರು ಪಾರ್ಟ್ಸ್ ಬಂದಿಲ್ಲ ಅಂತ ದಿನ ದೂಡಿದರೆ ಇಮೇಲ್ ಹಾಕುತ್ತಿರಿ. ಫೋನಿನಲ್ಲಿ ಬೈದದ್ದಕ್ಕೆ ಸಾಕ್ಷಿ ಇರುವುದಿಲ್ಲ ಅಲ್ವಾ?

ದರ ಎಷ್ಟು? ನಿಜವಾದ ಜಗಳ ಇಲ್ಲಿದೆ. ದಿನಕ್ಕೆ 90 ಪೌಂಡ್‌ನಂತೆ 60 ದಿನ ಅಂದರೆ 5,400 ಪೌಂಡ್. ಅದೇ ಕಾರು ಪಕ್ಕದ ಬೀದಿಯ ಬಾಡಿಗೆ ಅಂಗಡಿಯಲ್ಲಿ ರೊಕ್ಕ ಕೊಟ್ಟರೆ 40ಕ್ಕೆ ಸಿಗುತ್ತಿತ್ತು ಅಂದುಕೊಳ್ಳಿ, ಒಟ್ಟು 2,400. ಮಿಕ್ಕ 3,000 ಏತಕ್ಕೆ? ಸಾಲ ಕೊಟ್ಟದ್ದಕ್ಕೆ, ಕ್ಲೇಮ್ ಓಡಾಟಕ್ಕೆ. ಆ ಹೆಚ್ಚುವರಿಯನ್ನು ಎದುರು ಪಾರ್ಟಿಯಿಂದ ಕೇಳುವಂತಿಲ್ಲ ಅಂತ 2000ದ ಡೈಮಂಡ್ ವಿರುದ್ಧ ಲವೆಲ್ ತೀರ್ಪು ಹೇಳಿತು. 2015ರಲ್ಲಿ ಅಪೀಲು ಕೋರ್ಟ್ ಇದನ್ನು ಇನ್ನೂ ಬಿಡಿಸಿ ಹೇಳಿತು: ದೊಡ್ಡ ಬಾಡಿಗೆ ಕಂಪನಿಗಳಲ್ಲಿ, ಅಂಥವು ಇಲ್ಲದಿದ್ದರೆ ಆ ಊರಿನ ನಂಬಿಕಸ್ಥ ಕಂಪನಿಗಳಲ್ಲಿ, ಸಿಗುವ ಅತಿ ಕಡಿಮೆ ನ್ಯಾಯವಾದ ದರವೇ ಲೆಕ್ಕಕ್ಕೆ. ಫುಟ್‌ಬಾಲ್ ಆಟಗಾರ ಡ್ಯಾರೆನ್ ಬೆಂಟ್ ಅಪಘಾತದ ನಂತರ ಆಸ್ಟನ್ ಮಾರ್ಟಿನ್ ತೆಗೆದುಕೊಂಡಾಗ ಬಿಲ್ 60 ಸಾವಿರ ಪೌಂಡ್ ದಾಟಿತ್ತು. ಅಷ್ಟು ದುಡ್ಡಿರುವವರಿಗೂ ಇದೇ ಮಾಮೂಲು ದರದ ಲೆಕ್ಕವೇ.

ಇದಕ್ಕೊಂದು ದೊಡ್ಡ ವಿನಾಯಿತಿ ಇದೆ. 2003ರ ಲ್ಯಾಗ್ಡನ್ ವಿರುದ್ಧ ಓಕಾನರ್ ಪ್ರಕರಣದಲ್ಲಿ ಕಾರು ಕಳೆದುಕೊಂಡವರಿಗೆ ಮುಂಗಡ ಕೊಟ್ಟು ಬಾಡಿಗೆ ಕಾರು ಪಡೆಯುವ ಶಕ್ತಿ ಇರಲಿಲ್ಲ. ಕ್ರೆಡಿಟ್ ಹೈರ್ ಬಿಟ್ಟರೆ ಬೇರೆ ದಾರಿಯೇ ಇಲ್ಲದವರಿಗೆ ಪೂರ್ತಿ ದರ ಸಿಗಬೇಕು ಅಂತ ಲಾರ್ಡ್ಸ್ ಬಹುಮತದಿಂದ ಹೇಳಿದರು. ನನ್ನ ಮಟ್ಟಿಗೆ ಇದು ನ್ಯಾಯವಾದ ಮಾತು. ಕೈಲಿ ಕಾಸಿಲ್ಲದವನ ಕಾರಿಗೆ ಗುದ್ದಿ, ‘ನಗದು ಕೊಟ್ಟು ಯಾಕೆ ತಗೊಳ್ಳಲಿಲ್ಲ’ ಅನ್ನುವುದು ಯಾವ ಸೀಮೆ ನ್ಯಾಯ?

ಆದರೆ ಕಾಸಿಲ್ಲ ಅಂತ ಬಾಯಲ್ಲಿ ಹೇಳಿದರೆ ಆಗದು. ಅಪಘಾತಕ್ಕೆ ಮುಂಚಿನ ಮೂರು ತಿಂಗಳು ಮತ್ತು ಬಾಡಿಗೆ ನಡೆದ ಅಷ್ಟೂ ದಿನಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಕ್ರೆಡಿಟ್ ಕಾರ್ಡ್ ಲೆಕ್ಕ ಸಾಮಾನ್ಯವಾಗಿ ಕೇಳುತ್ತಾರೆ. ಎಲ್ಲ ಖಾತೆಗಳದ್ದೂ. ಊರಿನ ಬ್ಯಾಂಕಿನಲ್ಲಿರುವ ಎಫ್‌ಡಿ ಕೂಡ ನಿಮ್ಮ ಹಣವೇ, ಅದನ್ನು ಮುಚ್ಚಿಡಬೇಡಿ. ಕೋರ್ಟ್ ಹೇಳಿದ ಗಡುವಿನೊಳಗೆ ದಾಖಲೆ ಕೊಡದಿದ್ದರೆ ಆ ವಾದವನ್ನೇ ಎತ್ತದಂತೆ ತಡೆಯಬಹುದು. ಈಗಷ್ಟೇ ಬಂದು, ಮನೆ ಡೆಪಾಸಿಟ್ ಕಟ್ಟಿ ಖಾತೆ ಬರಿದಾಗಿರುವವರಿಗೆ ಇದೇ ಸ್ಟೇಟ್‌ಮೆಂಟುಗಳು ಕೈ ಹಿಡಿಯುತ್ತವೆ.

ಆ ಇನ್ನೊಂದು ಕಾಗದ

ಗುದ್ದಿದವನ ಇನ್ಶೂರೆನ್ಸ್ ಕಂಪನಿ ‘ನಾವೇ ಕಾರು ಕೊಡುತ್ತೇವೆ’ ಅಂತ ಪತ್ರ ಬರೆಯಬಹುದು. ಕಸದ ಬುಟ್ಟಿಗೆ ಹಾಕಬೇಡಿ. ಆ ಕಾರಿಗೆ ತಮಗೆ ಎಷ್ಟು ಖರ್ಚು ಬೀಳುತ್ತದೆ ಅಂತ ಅವರು ತಿಳಿಸಬೇಕು ಎಂದು 2009ರ ಕಾಪ್ಲಿ ವಿರುದ್ಧ ಲಾನ್ ತೀರ್ಪು ಹೇಳುತ್ತದೆ. ನಿಮ್ಮ ಕಾರಿಗೆ ಸರಿಹೊಂದುವಂಥದ್ದು, ಷರತ್ತಿಲ್ಲದೆ ಕೊಡುವುದಾದರೆ ಒಪ್ಪಿಕೊಳ್ಳುವುದೇ ಸಲೀಸು. ಬೇಡ ಅನ್ನುವುದಾದರೆ ಯಾಕೆ ಅಂತ ಬರೆದೇ ಉತ್ತರಿಸಿ.

ಟ್ಯಾಕ್ಸಿ ಓಡಿಸುವವರಿಗೆ ಲೆಕ್ಕ ಬೇರೆ. ಅವರಿಗೆ ಸಾಮಾನ್ಯವಾಗಿ ಸಿಗುವುದು ಕಳೆದುಕೊಂಡ ಲಾಭ, ಬಾಡಿಗೆಯಲ್ಲ. ವಾರಕ್ಕೆ ದುಡಿಯುವುದಕ್ಕಿಂತ ಬಾಡಿಗೆಯೇ ಜಾಸ್ತಿ ಇದ್ದರೆ ಕಾರು ತಗೊಳ್ಳುವ ಮುಂಚೆ ಯೋಚಿಸಿ.

ಕೇಸ್ ಆದರೆ

ಬಹಳಷ್ಟು ಬಿಲ್‌ಗಳು ಕೋರ್ಟಿನ ಹೊರಗೇ ಮುಗಿಯುತ್ತವೆ. ಇನ್ಶೂರೆನ್ಸ್ ಕಂಪನಿಗಳೂ ಬಾಡಿಗೆ ಕಂಪನಿಗಳೂ 1999ರಿಂದ ದರದ ಒಪ್ಪಂದವೊಂದನ್ನು ನಡೆಸಿಕೊಂಡು ಬಂದಿವೆ. ಅದರೊಳಗೆ ಬಗೆಹರಿಯದಿದ್ದರೆ ಕೌಂಟಿ ಕೋರ್ಟ್. ಕಾರಿನ ನಷ್ಟ, ಬಾಡಿಗೆ ಸೇರಿ 10,000 ಪೌಂಡ್‌ವರೆಗಿನದ್ದು ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್‌ನಲ್ಲಿ, ಅಂದರೆ ಸಣ್ಣ ಮೊತ್ತದ ಕೇಸುಗಳ ಸರಳ ವಿಭಾಗದಲ್ಲಿ, ನಡೆಯುತ್ತದೆ.

ನಿಮ್ಮ ಹೇಳಿಕೆಯನ್ನು ವಕೀಲರು ಟೈಪ್ ಮಾಡಿ ಕಳಿಸುತ್ತಾರೆ. ಒಂದೊಂದು ಸಾಲನ್ನೂ ಓದಿ, ನೀವು ಹೇಳದ್ದು ಇದ್ದರೆ ಹೊಡೆದು ತಿದ್ದಿಸಿ. ಇದೆಲ್ಲ ನಿಜ ಅಂತ ಸಹಿ ಹಾಕುವವರು ನೀವು. ಗೊತ್ತಿದ್ದೂ ಸುಳ್ಳಿಗೆ ಸಹಿ ಹಾಕಿದರೆ ನ್ಯಾಯಾಂಗ ನಿಂದನೆ ಆಗಬಹುದು. ಮನೆ ಬದಲಿಸಿದರೆ, ಭಾರತಕ್ಕೆ ವಾಪಸ್ ಬಂದರೆ, ಹೊಸ ವಿಳಾಸವನ್ನು ಅವರಿಗೆ ತಿಳಿಸಿ. ಕೇಳಿದ್ದಕ್ಕಿಂತ ಕಡಿಮೆ ಹಣಕ್ಕೆ ರಾಜಿಯಾದರೆ, ‘ಬಾಕಿಯನ್ನು ಈ ಗ್ರಾಹಕರಿಂದ ಕೇಳುವುದಿಲ್ಲ’ ಅಂತ ಬಾಡಿಗೆ ಕಂಪನಿಯಿಂದ ಬರೆಸಿಕೊಂಡು, ಆ ಕಾಗದವನ್ನು ಕರಾರಿನ ಜೊತೆಗೇ ಇಟ್ಟುಕೊಳ್ಳಿ.